ಇಲ್ಲದ ತಾಯಿಯ ನಲವತ್ತೊಂದು ಮಕ್ಕಳು

ಬೆಳಿಗ್ಗೆ ಕಂಪ್ಯೂಟರ್ ಚಾಲೂ ಮಾಡುವ ಮೊದಲು ನಾನು ಮತ್ತು ಅತ್ತಿಗೆ ಎದುರುಬದುರು ಕೂತು ಪಿನ್ನು ಕೀಳುತ್ತೇವೆ. ಹಳೆಯ ರೋಗಿಗಳ ಹಾಳೆಗಳು ಕಂಪ್ಯೂಟರಿಗೆ ಹೊಡೆಯಲೆಂದು ಕಟ್ಟುಕಟ್ಟಾಗಿ ಬಂದಿರುತ್ತವೆ. ಪಿನ್ನು ತುಕ್ಕು ಹಿಡಿದು ಕಾಗದಕ್ಕೆ ಕಚ್ಚಿಕೊಂಡಿರುತ್ತದೆ, ಎಳೆದರೆ ಹಾಳೆ ಹರಿಯುತ್ತದೆ. ಉಗುರಿನಿಂದ ಮೊದಲು ಒಂದು ಕಾಲು ಎತ್ತಬೇಕು, ಆಮೇಲೆ ಇನ್ನೊಂದು. ಕಿತ್ತದ್ದನ್ನು ತಗಡಿನ ಡಬ್ಬಿಗೆ ಹಾಕಬೇಕು. ಅರ್ಧ ಗಂಟೆ ಇಬ್ಬರೂ ಮಾತಾಡುವುದಿಲ್ಲ. ಒಂದೇ ಮನೆಯಿಂದ, ಒಂದೇ ಬಸ್ಸಿನಲ್ಲಿ ಬಂದವರಿಗೆ ಮಾತಾಡಲು ಉಳಿದಿರುವುದಾದರೂ ಏನು.

ನಮ್ಮದು ಮಕ್ಕಳ ಆಸ್ಪತ್ರೆಯ ದಾಖಲೆ ಕೋಣೆ. ನೆಲಮಾಳಿಗೆಯಲ್ಲಿದೆ. ಗೋಡೆಯ ಮೇಲ್ತುದಿಯಲ್ಲಿರುವ ಉದ್ದನೆಯ ಕಿಟಕಿಯಲ್ಲಿ ಹೊರಗೆ ನಡೆಯುವವರ ಕಾಲುಗಳು ಮಾತ್ರ ಕಾಣುತ್ತವೆ. ಒಳಗಿನ ಓಣಿಯ ಕಡೆಗೆ ಒಂದು ಗಾಜಿನ ಕಿಂಡಿ ಇದೆ. ಚೀಟಿ ಮಾಡಿಸುವವರು ಅಲ್ಲಿಗೆ ಬರುತ್ತಾರೆ. ಕಿಂಡಿಯಲ್ಲಿ ಕೂರುವುದು ಅತ್ತಿಗೆ. ನನಗೆ ಹೊಸಬರ ಎದುರು ಬಾಯಿ ಬರುವುದಿಲ್ಲ. ಶಾಲೆಯಲ್ಲಿದ್ದಾಗಲೂ ಹಾಗೇ, ಎಂಟನೇ ತರಗತಿಗೆ ಶಾಲೆಯನ್ನೂ ಬಿಟ್ಟೆ. ಅತ್ತಿಗೆ ಮದುವೆಯಾಗಿ ನಮ್ಮ ಮನೆಗೆ ಬಂದ ವರ್ಷವೇ ಒಂದು ರಟ್ಟಿನ ಮೇಲೆ ಕೀಲಿಮಣೆಯ ಚಿತ್ರ ಬರೆದು, ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ನನಗೆ ಟೈಪಿಂಗ್ ಕಲಿಸಿದರು. ಅನ್ನ ಬೇಯುವಷ್ಟು ಹೊತ್ತು ರಟ್ಟು ಕುಟ್ಟುತ್ತಿದ್ದೆ. "ಮಾತು ಬಾರದಿದ್ರೆ ಬೇಡ, ಬೆರಳಾದ್ರೂ ಆಡಲಿ" ಅನ್ನುತ್ತಿದ್ದರು. ಈ ಕೆಲಸ ಅವರು ಕೊಡಿಸಿದ್ದು.

ಆ ದಿನ ಪಿನ್ನು ಮುಗಿಯುವ ಮೊದಲೇ ಯಾರೋ ಗಾಜು ಬಡಿದರು. ಮಕ್ಕಳ ಮನೆಯ ಆಯಾ. ಊರಿನಲ್ಲಿ ಯಾರೋ ಎಲ್ಲೋ ಬಿಟ್ಟುಹೋದ ಮಕ್ಕಳನ್ನು ಸಾಕುವ ಮನೆ ಅದು; ಅಲ್ಲಿಯ ಮಕ್ಕಳಿಗೆ ಏನಾದರೂ ನಮ್ಮ ಆಸ್ಪತ್ರೆಗೇ ಬರಬೇಕು. ಈ ಆಯಾ ಹೊಸಬರು, ಬಂದು ತಿಂಗಳಾಗಿಲ್ಲ. ಅವರ ಹೆಗಲ ಮೇಲೆ ಪಿಳಿಪಿಳಿ ಮಲಗಿದ್ದಳು.

ಅವಳಿಗೆ ಆ ಹೆಸರಿಟ್ಟವಳು ನಾನೇ. ಮೂರು ವರ್ಷದ ಮಗು. ಎರಡು ತಿಂಗಳಿಗೊಮ್ಮೆ ಎದೆಯಲ್ಲಿ ಕಫ ಕಟ್ಟಿಕೊಂಡು ಬರುತ್ತಾಳೆ. ಬಂದಾಗಲೆಲ್ಲ ಗಾಜಿಗೆ ಮೂಗು ಒತ್ತಿ ನನ್ನನ್ನೇ ನೋಡುತ್ತಾ ಪಿಳಿಪಿಳಿ ಕಣ್ಣು ಬಿಡುತ್ತಾಳೆ. ನಾನೂ ಬಿಡುತ್ತೇನೆ. ನಮ್ಮಿಬ್ಬರ ಮಾತು ಅಷ್ಟೇ. ಆ ದಿನ ಅವಳು ಕಣ್ಣು ತೆರೆಯಲಿಲ್ಲ. ಉಸಿರು ಎಳೆದಾಗ ಪಕ್ಕೆಗಳ ನಡುವಿನ ಚರ್ಮ ಒಳಗೆ ಹೋಗುತ್ತಿತ್ತು.

"ಬೇಗ ಒಂದು ಚೀಟಿ ಕೊಡಮ್ಮಾ, ಮಗು ಮೈ ಕೆಂಡದ ಹಾಗೆ ಸುಡ್ತಿದೆ" ಎಂದರು ಆಯಾ.

ಅತ್ತಿಗೆ ಕಂಪ್ಯೂಟರ್ ಚಾಲೂ ಮಾಡಿ, ಆಯಾ ಓದಿ ಹೇಳಿದ ಮಗುವಿನ ಸಂಖ್ಯೆ ಹೊಡೆದರು. ಪರದೆಯ ಮೇಲೆ ಏನೂ ಬರಲಿಲ್ಲ. ಮತ್ತೆ ಹೊಡೆದರು.

"ಸಂಖ್ಯೆ ಸರಿಯಾಗಿದೆಯಾ ಆಯಾ?"

"ಕಾರ್ಡಲ್ಲಿ ಇದ್ದಿದ್ದನ್ನ ಓದಿದೀನಿ. ನಿಮ್ಮೋರೇ ಬರೆದಿದ್ದು. ಅದು ಸರಿ ಇಲ್ಲ ಅಂದ್ರೆ ನಿಮ್ಮೋರನ್ನೇ ಕೇಳ್ಕೊಳ್ಳಿ."

"ಸಿಟ್ಟಾಗಬೇಡಿ. ಇದಕ್ಕೆ ಬೆಳಿಗ್ಗೆ ಬೆಳಿಗ್ಗೆ ಜ್ಞಾಪಕ ಇರಲ್ಲ" ಎಂದು ಅತ್ತಿಗೆ ಕಂಪ್ಯೂಟರಿನ ನೆತ್ತಿ ತಟ್ಟಿದರು. "ಹೊಸದಾಗಿ ಮಾಡಿಕೊಡ್ತೀನಿ, ಎರಡು ನಿಮಿಷ."

ಹೊಸ ಮಗುವಿನ ಪುಟ ತೆರೆಯಿತು. ಅಲ್ಲಿ ಮೊದಲ ಚೌಕದ ಮನೆಯಲ್ಲೇ ತಾಯಿಯ ಸಂಖ್ಯೆ ಹಾಕಬೇಕು. ಅತ್ತಿಗೆ ಪರದೆಯನ್ನೂ ನೋಡದೆ ಬಾಯಿಪಾಠದ ಹಾಗೆ ಏಳಂಕಿಯ ಸಂಖ್ಯೆಯೊಂದನ್ನು ಹೊಡೆದರು. ಕೆಂಪು ಪಟ್ಟಿಯಲ್ಲಿ ಉತ್ತರ ಬಂತು: ಈ ಸಂಖ್ಯೆಯ ತಾಯಿ ಇಲ್ಲ.

ಅತ್ತಿಗೆಯ ಬೆರಳು ನಿಂತಿತು. ಆ ತಾಯಿ ಇಲ್ಲ ಎಂದು ಬರೆದವಳು ನಾನು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಈ ಕಂಪ್ಯೂಟರಿನ ಪಟ್ಟಿಗಳನ್ನು ಮಾಡಿದವರು ಮೂರನೇ ಮಹಡಿಯಲ್ಲಿ ಕೂರುತ್ತಾರೆ. ಅವರನ್ನು ನಾವು ಬೀಗದ ಸಾರ್ ಎನ್ನುತ್ತೇವೆ. ಏನನ್ನಾದರೂ ಕಂಪ್ಯೂಟರ್ ತೆಗೆದುಕೊಳ್ಳುತ್ತಿಲ್ಲ ಎಂದು ಕೇಳಿದರೆ ಅವರು ಹೇಳುವುದು ಒಂದೇ ಮಾತು: "ಅಲ್ಲಿ ಬೀಗ ಹಾಕಿದೀನಿ." ಒಂದು ಸಂಖ್ಯೆ ಇಬ್ಬರಿಗೆ ಬರಕೂಡದು, ಅದಕ್ಕೊಂದು ಬೀಗ. ಮಗು ಹುಟ್ಟಿದ ತಾರೀಖು ತಾಯಿ ಹುಟ್ಟಿದ್ದಕ್ಕಿಂತ ಹಿಂದೆ ಇರಕೂಡದು, ಅದಕ್ಕೊಂದು. ಎಲ್ಲಕ್ಕಿಂತ ದೊಡ್ಡ ಬೀಗ ತಾಯಂದಿರ ಪಟ್ಟಿಗೂ ಮಕ್ಕಳ ಪಟ್ಟಿಗೂ ನಡುವಿನದು. ಮಗುವಿನ ಸಾಲಿನಲ್ಲಿ ತಾಯಿಯ ಸಂಖ್ಯೆ ಇರಲೇಬೇಕು, ಆ ಸಂಖ್ಯೆ ತಾಯಂದಿರ ಪಟ್ಟಿಯಲ್ಲಿ ನಿಜವಾಗಿಯೂ ಇರಬೇಕು. ಖಾಲಿ ಬಿಡುವ ಹಾಗಿಲ್ಲ.

ಹಾಗಾದರೆ ಮಕ್ಕಳ ಮನೆಯ ಮಕ್ಕಳನ್ನು ಏನು ಮಾಡುವುದು? ಅತ್ತಿಗೆ ಎರಡು ಸಲ ಮೂರನೇ ಮಹಡಿಗೆ ಹತ್ತಿ ಕೇಳಿದ್ದರಂತೆ. "ಖಾಲಿ ಬಿಡೋಕೆ ಅವಕಾಶ ಕೊಟ್ರೆ ನಾಳೆಯಿಂದ ಎಲ್ಲರೂ ಖಾಲಿ ಬಿಡ್ತಾರೆ. ನಿಮ್ಮ ಜನ ನನಗೆ ಗೊತ್ತಿಲ್ವಾ" ಎಂದರಂತೆ ಅವರು. ಅದೂ ಸುಳ್ಳಲ್ಲ, ನಮ್ಮ ಕೋಣೆಯಲ್ಲಿ ಫೋನ್ ನಂಬರ್ ಕೇಳಲು ಬೇಸರವಾಗಿ ಹತ್ತು ಸೊನ್ನೆ ಹೊಡೆಯುವವರಿದ್ದರು. ಅತ್ತಿಗೆ ಕೆಳಗೆ ಬಂದು ಒಬ್ಬ ತಾಯಿಯನ್ನು ಮಾಡಿದರು. ಹೆಸರಿನ ಮನೆಯಲ್ಲಿ "ಅಮ್ಮ" ಎಂದು ಬರೆದರು. ಹುಟ್ಟಿದ ದಿನ ವರ್ಷದ ಮೊದಲ ದಿನ. ವಿಳಾಸ ಮಕ್ಕಳ ಮನೆಯದೇ. ಅವತ್ತಿನಿಂದ ಆ ಮನೆಯಿಂದ ಬಂದ ಮಗುವನ್ನೆಲ್ಲ ಆ ಅಮ್ಮನ ಹೆಸರಿಗೇ ಹಚ್ಚಿದೆವು. ಒಟ್ಟು ನಲವತ್ತೊಂದು ಮಕ್ಕಳು. "ಪುಣ್ಯಾತ್ಗಿತ್ತಿ, ಈ ತಿಂಗಳಲ್ಲೇ ಮೂರು ಹೆತ್ತಿದಾಳೆ ನೋಡೇ" ಎಂದು ಅತ್ತಿಗೆ ನಗಿಸುತ್ತಿದ್ದರು. ನಾನೂ ನಗುತ್ತಿದ್ದೆ.

ಎರಡು ವಾರದ ಹಿಂದೆ ಮೇಲಿನಿಂದ ಆದೇಶ ಬಂತು. ಪಟ್ಟಿಗಳಲ್ಲಿ ಒಬ್ಬರೇ ಎರಡೆರಡು ಸಲ ಸೇರಿಕೊಂಡಿದ್ದಾರೆ, ಇಲ್ಲದವರೂ ಇದ್ದಾರೆ, ಒಂದು ವಾರದಲ್ಲಿ ಶುದ್ಧಿ ಮಾಡಿ ಎಂದು. ಅನುಮಾನ ಇರುವ ಹೆಸರುಗಳನ್ನು ಅಚ್ಚು ಹಾಕಿ ನಮಗೆ ಹಂಚಿದರು. ಪ್ರತಿ ಹೆಸರಿನ ಎದುರು ಎರಡೇ ಮನೆ: "ಇದ್ದಾರೆ", "ಇಲ್ಲ". ಯಾವುದಾದರೂ ಒಂದಕ್ಕೆ ಗುರುತು ಹಾಕಿ ಕೆಳಗೆ ಸಹಿ ಮಾಡಬೇಕು. ಖಾಲಿ ಬಿಟ್ಟರೆ ಹಾಳೆ ವಾಪಸ್ಸು.

ನನ್ನ ಹಾಳೆಯಲ್ಲಿ ಆ ಅಮ್ಮ ಇದ್ದಳು. ಅವತ್ತು ಅತ್ತಿಗೆ ರಜೆ. ಅಣ್ಣನ ಕಾರ್ಖಾನೆ ಮುಚ್ಚಿದ ಮೇಲೆ ಬರಬೇಕಾದ ಕಾಗದಕ್ಕಾಗಿ ಅವನ ಜೊತೆ ಅಲೆಯಲು ಹೋಗಿದ್ದರು. ನಾನು ಆ ಸಾಲಿನ ಮುಂದೆ ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಇದ್ದಾಳೆ ಎಂದು ಹೇಗೆ ಬರೆಯಲಿ, ಕೆಳಗೆ ನನ್ನ ಸಹಿ ಬೇರೆ. ಮೇಲಿನ ಮಹಡಿಗೆ ಹೋಗಿ ಒಂದು ಮಾತು ಕೇಳಬಹುದಿತ್ತು. ಮೆಟ್ಟಿಲ ತನಕ ಹೋದೆ. ಬೀಗದ ಸಾರ್ ಯಾರ ಜೊತೆಗೋ ಜೋರಾಗಿ ಮಾತಾಡುವುದು ಕೇಳಿಸಿತು. ಹಿಂದಕ್ಕೆ ಬಂದು "ಇಲ್ಲ" ಎನ್ನುವ ಮನೆಗೆ ಗುರುತು ಹಾಕಿದೆ. ನಿಜವನ್ನೇ ಬರೆದೆ ಎಂಬ ಸಮಾಧಾನವೂ ಆಯಿತು. ಅತ್ತಿಗೆಗೆ ಹೇಳಲಿಲ್ಲ. ಹೇಳುವಂಥದ್ದು ಎಂದು ಅನಿಸಿರಲಿಲ್ಲ.

ಈಗ ಕಿಂಡಿಯ ಮುಂದೆ ಆಯಾ ಕಾಲು ಬದಲಿಸುತ್ತಾ ನಿಂತಿದ್ದರು. ಅತ್ತಿಗೆ ನನ್ನ ಕಡೆ ತಿರುಗಿ, "ಇವಳೆಲ್ಲಿ ಹೋದಳೇ ನಮ್ಮ ಅಮ್ಮ?" ಎಂದು ಮೆಲ್ಲಗೆ ಕೇಳಿದರು. ನನ್ನ ಉತ್ತರಕ್ಕೆ ಕಾಯದೆ ಮತ್ತೊಬ್ಬ ಅಮ್ಮನನ್ನು ಮಾಡಿಯೇಬಿಟ್ಟರು. ಒಂದೂವರೆ ನಿಮಿಷ. ಅವಳ ಕೆಳಗೆ ಪಿಳಿಪಿಳಿಯನ್ನು ಸೇರಿಸಿದರು. ಉಳಿದ ಮನೆಗಳು ತಾವೇ ತುಂಬಿಕೊಂಡವು. ಹಿಂದಿನ ರೋಗ: ಇಲ್ಲ. ಹಿಂದಿನ ದಾಖಲಾತಿ: ಇಲ್ಲ. ಒಗ್ಗದ ಮದ್ದು: ಇಲ್ಲ.

ಚೀಟಿ ಮುದ್ರಣವಾಗಿ ಹೊರಬಂತು. ಆಯಾ ಅದನ್ನು ಕಿತ್ತುಕೊಂಡ ಹಾಗೆ ತೆಗೆದುಕೊಂಡು ಮೆಟ್ಟಿಲ ಕಡೆ ಓಡಿದರು.

"ಅತ್ತಿಗೆ" ಎಂದೆ. "ಅವಳಿಗೆ ಯಾವುದೋ ಒಂದು ಮದ್ದು ಆಗಲ್ಲ."

"ಯಾರಿಗೆ?"

"ಪಿಳಿಪಿಳಿಗೆ. ಹೋದ ವರ್ಷ ಅವಳ ಹಾಳೆ ಬಂದಾಗ ಮೊದಲ ಪುಟ ನಾನು ಹೊಡೆದೆ, ಒಳಗಿನದು ನೀವು. ಡಾಕ್ಟರ ಅಕ್ಷರ ನನಗೆ ಓದೋಕೆ ಬರಲ್ಲವಲ್ಲ. ಒಂದು ಕಡೆ ಕೆಂಪು ಶಾಯಿಯಲ್ಲಿ ಬರೆದು ಸುತ್ತಲೂ ಗೆರೆ ಎಳೆದಿದ್ರು. ನೀವು ಓದಿ, 'ಅಯ್ಯೋ ಪಾಪ, ಇದನ್ನ ಚುಚ್ಚಿದ್ದಕ್ಕೆ ಮುಖ ಊದಿಕೊಂಡು ಉಸಿರೇ ನಿಂತಿತ್ತಂತೆ' ಅಂದ್ರಿ."

ಅತ್ತಿಗೆ ಪರದೆಯನ್ನೇ ನೋಡುತ್ತಿದ್ದರು. ಅಲ್ಲಿ "ಒಗ್ಗದ ಮದ್ದು: ಇಲ್ಲ" ಎಂದು ಇನ್ನೂ ಕಾಣುತ್ತಿತ್ತು.

"ನಾನು ಅಂದಿದ್ನಾ?"

"ಅಂದ್ರಿ."

"ನನಗೆ ನೆನಪಿಲ್ಲ ಕಣೇ. ದಿನಕ್ಕೆ ಎಂಬತ್ತು ಹಾಳೆ ಹೊಡೀತೀನಿ. ಅಷ್ಟು ಖಚಿತವಾಗಿ ನಿನಗೆ ಹೇಗೆ ನೆನಪಿರುತ್ತೆ?"

ನನಗೆ ನೆನಪಿರುತ್ತದೆ. ಮಾತಾಡದವರಿಗೆ ಉಳಿದವರ ಮಾತೇ ಕೂಡಿಟ್ಟ ಗಂಟು. ಆದರೆ ಮದ್ದಿನ ಹೆಸರನ್ನು ಅತ್ತಿಗೆ ಅವತ್ತು ಬಾಯಿಬಿಟ್ಟು ಓದಿರಲಿಲ್ಲ.

ಆಗ ನಾನು ಮಾಡಿದ್ದನ್ನು ಹೇಳಿದೆ. ಶುದ್ಧಿಯ ಹಾಳೆಯಲ್ಲಿ "ಇಲ್ಲ" ಎಂದು ಗುರುತು ಹಾಕಿದ್ದನ್ನು. ಅತ್ತಿಗೆ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೆರಗಿನಿಂದ ಮೂಗಿನ ಮೇಲಿನ ಬೆವರು ಒರೆಸಿಕೊಂಡು, "ನಡಿ, ಅವರನ್ನ ಕೇಳೋಣ" ಎಂದರು.

ಬೀಗದ ಸಾರ್ ತಿಂಡಿಯ ಪೊಟ್ಟಣ ಬಿಚ್ಚುತ್ತಿದ್ದರು. ಅತ್ತಿಗೆ ಮಗುವಿನ ಸಂಖ್ಯೆ ಕೊಟ್ಟು, ಕಾಣುತ್ತಿಲ್ಲ ಎಂದರು. ತಾಯಿಯ ವಿಷಯ ಎತ್ತಲಿಲ್ಲ. ಅವರು ಒಂದು ಕೈಯಲ್ಲೇ ಏನೇನೋ ಹೊಡೆದರು. ಆಮೇಲೆ ಪೊಟ್ಟಣ ಪಕ್ಕಕ್ಕಿಟ್ಟು ಎರಡೂ ಕೈಯಲ್ಲಿ ಹೊಡೆದರು.

"ಇದರ ತಾಯಿಯನ್ನ ಶುದ್ಧಿ ವಾರದಲ್ಲಿ ತೆಗೆದಿದೆ. ತಾಯಿ ಹೋದ್ರೆ ಮಕ್ಕಳ ಸಾಲೂ ಹೋಗುತ್ತೆ. ಮಕ್ಕಳ ಜೊತೆ ಅವರ ಒಳಪುಟಗಳೂ ಹೋಗುತ್ತವೆ."

"ತಾಯಿಯ ಕೆಳಗೆ ಮಕ್ಕಳಿದ್ರೆ ಅಳಿಸೋಕೆ ಬಿಡಲ್ಲ ಅಂತ ನೀವೇ ಹೇಳಿದ್ರಲ್ಲ ಸಾರ್, ಅದಕ್ಕೂ ಬೀಗ ಇದೆ ಅಂತ?" ಎಂದರು ಅತ್ತಿಗೆ.

ಅವರು ಪರದೆಯಿಂದ ಕಣ್ಣು ಕೀಳಲಿಲ್ಲ. "ಇತ್ತು. ಒಂದು ವಾರದಲ್ಲಿ ಎರಡು ಸಾವಿರ ಹೆಸರು ತೆಗೀಬೇಕಿತ್ತು. ಒಂದೊಂದಕ್ಕೂ ಅದು ಅಡ್ಡ ಬರ್ತಿತ್ತು. ಆ ವಾರದ ಮಟ್ಟಿಗೆ ಬದಲಾಯಿಸಿದ್ದೆ."

"ಹಳೇದು ವಾಪಸ್ಸು ತರೋಕಾಗಲ್ವಾ?"

"ನಕಲು ಏಳು ದಿನದ್ದು ಮಾತ್ರ ಇಟ್ಟಿರ್ತೀನಿ. ಇದು ಹೋಗಿ ಇವತ್ತಿಗೆ ಹನ್ನೊಂದು ದಿನ." ಅವರು ಪರದೆಯ ಮೇಲೆ ಬೆರಳಿಟ್ಟು ಎಣಿಸತೊಡಗಿದರು. "ನಲವತ್ತೊಂದು ಮಕ್ಕಳು! ಯಾರ್ರೀ ಈ ತಾಯಿ? ಇವಳು 'ಇಲ್ಲ' ಅಂತ ಕೆಳಗಿನಿಂದ ಸಹಿ ಆಗಿ ಬಂದಿದೆ. ಇಲ್ಲದವಳಿಗೆ ನಲವತ್ತೊಂದು ಮಕ್ಕಳು ಹೇಗೆ ಬಂದ್ವು? ಮೊದಲು ಇವಳನ್ನ ಸೇರಿಸಿದವರು ಯಾರು?"

ಅತ್ತಿಗೆ ನನ್ನ ಮೊಣಕೈ ಹಿಡಿದುಕೊಂಡರು. ಉಗುರು ಚುಚ್ಚುತ್ತಿತ್ತು.

"ಕಾಗದ ಇರುತ್ತಲ್ಲ ಸಾರ್" ಎಂದೆ. ನನ್ನ ದನಿ ಕೇಳಿ ಅವರಿಬ್ಬರೂ ನನ್ನತ್ತ ನೋಡಿದರು. "ಹೊಡೆದ ಹಾಳೆ ಗೋದಾಮಿಗೆ ಕಳಿಸಿರ್ತೀವಿ. ಆ ಮಗು ಈಗ ಮೇಲೆ ವಾರ್ಡಲ್ಲಿದೆ, ಬೇಗ ಬೇಕು."

"ಗೋದಾಮು ಊರಾಚೆ ಇದೆ. ಹುಡುಕೋಕೆ ಜನ ಕಳಿಸ್ತೀನಿ. ಸಂಜೆಯಾಗಬಹುದು, ನಾಳೆಯೂ ಆಗಬಹುದು." ಅವರ ಮುಖ ಬಿಳಚಿಕೊಂಡಿತ್ತು. ಫೋನಿಗೆ ಕೈ ಹಾಕಿದರು. ನಾನು ನೋಡಿದಂತೆ ಅವರು ಕೆಟ್ಟವರೇನಲ್ಲ. ತಿಂಡಿಯನ್ನು ಮರೆತೇಬಿಟ್ಟರು.

ಮೆಟ್ಟಿಲ ತಿರುವಿನಲ್ಲಿ ಅತ್ತಿಗೆ ನನ್ನನ್ನು ನಿಲ್ಲಿಸಿದರು.

"ಎಲ್ಲಿಗೆ ಹೊರಟೆ?"

"ವಾರ್ಡಿಗೆ. ಹೇಳ್ಬೇಕಲ್ಲ."

"ಏನಂತ ಹೇಳ್ತೀಯ? ಮದ್ದಿನ ಹೆಸರು ಗೊತ್ತಾ ನಿನಗೆ?"

"ನಿಮಗೆ ಗೊತ್ತಿತ್ತು."

"ನೆನಪಿಲ್ಲ ಅಂತ ಹೇಳಿದ್ನಲ್ಲ." ಅತ್ತಿಗೆ ಕೆಳಗೆ ಮೇಲೆ ನೋಡಿ ದನಿ ತಗ್ಗಿಸಿದರು. "ಒಂದು ಮಾತು ಕೇಳು. ಕಾಯಂ ಆಗೋರ ಪಟ್ಟಿ ಈ ತಿಂಗಳ ಕೊನೆಗೆ ಬರುತ್ತೆ. ಆರು ವರ್ಷದಿಂದ ಕಾದಿದೀನಿ. ಮನೆಯಲ್ಲಿ ಈಗ ದುಡಿಯೋದು ನಾವಿಬ್ಬರೇ. ಆ ಹಾಳೆ ಓದಿದ್ದು ನಾನು ಅಂದ್ರೆ, ಸಾರ್ ಈಗ ಕೇಳಿದ್ರಲ್ಲ, ಆ ಅಮ್ಮನ್ನ ಮಾಡಿದ್ದೂ ನಾನೇ ಅಂತ ಒಂದೇ ಏಟಿಗೆ ಗೊತ್ತಾಗುತ್ತೆ. ಕಳ್ಳ ದಾಖಲೆ ಮಾಡಿದಳು ಅಂತಾರೆ. ನಾನು ಮಾಡಿದ್ದು ಆ ಮಕ್ಕಳಿಗೋಸ್ಕರ ಅಂತ ಯಾರಾದ್ರೂ ಕೇಳ್ತಾರಾ?"

"ಕೇಳಲ್ಲ" ಎಂದೆ. ಅದು ನಿಜ.

"ಮತ್ತೆ?"

ವಾರ್ಡು ಇನ್ನೂ ಒಂದು ಮಹಡಿ ಮೇಲೆ. ಮೆಟ್ಟಿಲು ಹತ್ತಿದೆ. ಅತ್ತಿಗೆಯ ಚಪ್ಪಲಿಯ ಸದ್ದು ನನ್ನ ಹಿಂದೆಯೇ ಬಂತು.

ವಾರ್ಡಿಗೆ ನಾನು ಹೋದದ್ದು ಅದೇ ಮೊದಲು. ಕಾಗದದಲ್ಲಿ ಅದರ ಒಂದೊಂದು ಹಾಸಿಗೆಯ ಸಂಖ್ಯೆಯೂ ನನಗೆ ಗೊತ್ತು. ಕಣ್ಣಾರೆ ಕಂಡದ್ದು ಇವತ್ತು. ಹಾಸಿಗೆಗಳ ನಡುವೆ ಒಬ್ಬರು ನಡೆಯುವಷ್ಟೇ ಜಾಗ. ಪಿಳಿಪಿಳಿಯನ್ನು ಕಿಟಕಿಯ ಪಕ್ಕ ಮಲಗಿಸಿದ್ದರು. ಮೂಗಿಗೆ ಕೊಳವೆ, ಕೈಗೆ ಪಟ್ಟಿ. ಆಯಾ ಕಾಲ ಬುಡದಲ್ಲಿ ನಿಂತು ಅವಳ ಪಾದ ಉಜ್ಜುತ್ತಿದ್ದರು. ನರ್ಸಮ್ಮ ಸಿರಿಂಜಿಗೆ ಮದ್ದು ಎಳೆಯುತ್ತಿದ್ದರು. ಡಾಕ್ಟರಮ್ಮ ಚೀಟಿ ಓದುತ್ತಿದ್ದರು.

"ಮೇಡಂ" ಎಂದೆ. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಜೋರಾಗಿ ಎಂದೆ. "ಮೇಡಂ, ಆ ಚೀಟಿಯಲ್ಲಿರೋದು ಸುಳ್ಳು."

ಡಾಕ್ಟರಮ್ಮ ತಲೆ ಎತ್ತಿದರು. "ನೀನು ಯಾರಮ್ಮಾ?"

"ಕೆಳಗೆ ದಾಖಲೆ ಕೋಣೆಯವಳು. ಒಗ್ಗದ ಮದ್ದು ಇಲ್ಲ ಅಂತ ಬರೆದಿದೆಯಲ್ಲ, ಅದನ್ನ ಯಾರೂ ನೋಡಿ ಬರೆದಿದ್ದಲ್ಲ. ಏನೂ ಹೊಡೆಯದಿದ್ರೆ ಅದು ತಾನೇ 'ಇಲ್ಲ' ಅಂತ ತುಂಬಿಕೊಳ್ಳುತ್ತೆ. ಗೊತ್ತಿಲ್ಲ ಅಂತ ಬರೆಯೋಕೆ ಅದರಲ್ಲಿ ಜಾಗ ಇಲ್ಲ. ಈ ಮಗುವಿನ ಹಳೇ ದಾಖಲೆ ಅಳಿಸಿಹೋಗಿದೆ. ಇವಳಿಗೆ ಯಾವುದೋ ಒಂದು ಮದ್ದು ಆಗಲ್ಲ. ಉಸಿರು ನಿಂತಿತ್ತು ಒಂದ್ಸಲ."

ಹೊಸಬರ ಎದುರು ಒಟ್ಟಿಗೆ ಇಷ್ಟು ಮಾತು ನಾನು ಹುಟ್ಟಿದಾಗಿನಿಂದ ಆಡಿರಲಿಲ್ಲ. ನರ್ಸಮ್ಮನ ಕೈ ನಿಂತಿತು.

"ಯಾವ ಮದ್ದು?" ಎಂದರು ಡಾಕ್ಟರಮ್ಮ.

"ಗೊತ್ತಿಲ್ಲ."

"ಆಯಾ, ನಿಮಗೆ?"

"ನಾನು ಬಂದು ಇಪ್ಪತ್ತು ದಿನ ಆಗಿದೆ ತಾಯಿ. ಮುಂಚೆ ಎಲ್ಲಾ ಪುಸ್ತಕದಲ್ಲಿ ಬರೀತಿದ್ರಂತೆ. ಆಸ್ಪತ್ರೆ ಕಂಪ್ಯೂಟರಲ್ಲೇ ಇರುತ್ತಲ್ಲ ಅಂತ ನಿಲ್ಲಿಸಿಬಿಟ್ಟಿದಾರೆ."

ಡಾಕ್ಟರಮ್ಮ ಮಗುವಿನ ಎದೆಯ ಮೇಲೆ ಕೈಯಿಟ್ಟು ಉಸಿರು ಎಣಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

"ನೋಡಮ್ಮಾ, ಇವಳ ಎದೆ ಪೂರ್ತಿ ಕಟ್ಟಿದೆ. ಇದಕ್ಕೆ ನನ್ನ ಹತ್ತಿರ ಎರಡು ಮದ್ದಿದೆ. ಎರಡರಲ್ಲಿ ಯಾವುದು ಇವಳಿಗೆ ಆಗಲ್ಲ ಅಂತ ಗೊತ್ತಾದ್ರೆ ಇನ್ನೊಂದು ಹಾಕ್ತೀನಿ. ಏನೂ ಹಾಕದೆ ಕೂರೋಕಾಗಲ್ಲ. ಊಹೆ ಮೇಲೆ ಹಾಕು ಅಂದ್ರೂ ಆಗಲ್ಲ. ಆ ಹಳೇ ದಾಖಲೆ ಓದಿದವರು ಯಾರಾದ್ರೂ ಇದ್ದಾರಾ?"

ಬೀಗದ ಸಾರ್ ಏದುಸಿರು ಬಿಡುತ್ತಾ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಫೋನಿತ್ತು. "ಗೋದಾಮಿನವರು ಇನ್ನೂ ಬೀಗವೇ ತೆಗೆದಿಲ್ಲವಂತೆ" ಎಂದರು. ಅವರ ಆ ಮಾತಿಗೆ ಬೇರೆ ದಿನವಾಗಿದ್ದರೆ ನಾವು ಕೆಳಗೆ ಹೋಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ನಾನು ಅತ್ತಿಗೆಯನ್ನು ನೋಡಿದೆ. ಅವರು ಪಕ್ಕದ ಹಾಸಿಗೆಯ ಕಬ್ಬಿಣದ ಸರಳು ಹಿಡಿದು ನಿಂತಿದ್ದರು. ಕಣ್ಣು ನರ್ಸಮ್ಮನ ಮೇಜಿನ ಮೇಲಿದ್ದ ಎರಡು ಪುಟ್ಟ ಸೀಸೆಗಳ ಮೇಲಿತ್ತು. ಒಂದರ ಮೇಲಿನ ಹೆಸರು ಓದಿದರು, ಇನ್ನೊಂದರ ಮೇಲಿನದು ಓದಿದರು, ಮತ್ತೆ ಮೊದಲಿನದಕ್ಕೆ ಬಂದರು. ಆರು ವರ್ಷದಿಂದ ಎದುರು ಕೂತು ಅವರ ಮುಖ ನೋಡಿದವಳು ನಾನು. ಹಾಳೆ ಓದುವಾಗ ಗೊತ್ತಿರುವ ಪದ ಸಿಕ್ಕರೆ ಅವರ ಕೆಳತುಟಿ ಹೇಗೆ ಒಳಕ್ಕೆ ಹೋಗುತ್ತದೆ ಎಂದು ನನಗೆ ಗೊತ್ತು. ಅದು ಹೋಯಿತು.

ಅಥವಾ ನನಗೆ ಹಾಗೆ ಕಂಡಿತೋ ಏನೋ. ಇದ್ದಾಳೆ ಎಂದೋ ಇಲ್ಲ ಎಂದೋ ಗುರುತು ಹಾಕಿದ ಹಾಗೆ ಇದನ್ನು ಖಚಿತವಾಗಿ ಹೇಳಲಾರೆ.

"ಅತ್ತಿಗೆ" ಎಂದೆ.

ಅವರು ನನ್ನ ಕಡೆ ತಿರುಗಲಿಲ್ಲ. ಡಾಕ್ಟರಮ್ಮ ನಮ್ಮಿಬ್ಬರನ್ನೂ ನೋಡಿದರು. ಬೀಗದ ಸಾರ್ ಫೋನನ್ನು ಕಿವಿಯಿಂದ ಇಳಿಸಿದರು. ಆಯಾ ಮಗುವಿನ ಪಾದವನ್ನು ಉಜ್ಜುವುದನ್ನು ನಿಲ್ಲಿಸಿದರು. ಮಗುವಿನ ಗಂಟಲು ಗೊರಗೊರ ಎನ್ನುತ್ತಿತ್ತು.

"ಎರಡರಲ್ಲಿ ಯಾವುದು ಅಂತ ಹೇಳಿ, ಅತ್ತಿಗೆ."